ಆರರಲ್ಲೊಂದು ಹಳದಿ ಪಫರ್

ಹಲಸೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಬಾಗಿಲ ಪಕ್ಕ ಮೀನಿನ ತೊಟ್ಟಿ. ಹೋದ ವರ್ಷ ಅದರ ತುಂಬಾ ಬಸವನಹುಳು ಹುಟ್ಟಿಕೊಂಡವು. ಶಿವಾಜಿನಗರದ ಮೀನಿನಂಗಡಿಯ ಭಾಯಿ, "ಪೀ ಪಫರ್ ಬಿಡಿ ಅಕ್ಕಾ, ಎಲ್ಲಾ ತಿಂದು ಖಾಲಿ ಮಾಡ್ತವೆ" ಅಂದರು. ಬೆರಳ ತುದಿಯಷ್ಟೇ ಇರುವ ಸಿಹಿನೀರಿನ ಮೀನು. ಹೆದರಿದರೆ ಬಲೂನಿನ ಹಾಗೆ ಉಬ್ಬುತ್ತದೆ. ಆರು ತಂದೆ.

ಐದಕ್ಕೆ ಮೈಮೇಲೆ ದಪ್ಪ ಕಪ್ಪು ಮಚ್ಚೆ. ಆರನೆಯದು ಮಾತ್ರ ಅರಿಶಿನದಲ್ಲಿ ಅದ್ದಿ ತೆಗೆದ ಹಾಗೆ! ಬೆನ್ನ ಮೇಲೆ ಸಾಸಿವೆಯಷ್ಟು ನಾಲ್ಕು ಚುಕ್ಕಿ ಬಿಟ್ಟರೆ ಪಕ್ಕೆಯಲ್ಲಿ ಏನೂ ಇಲ್ಲ. ಕಾಯಿಲೆಯೇನೋ ಅಂದುಕೊಂಡೆ. ಆದರೆ ಎಲ್ಲಕ್ಕಿಂತ ಮುಂಚೆ ಬಸವನಹುಳುವಿನ ಮೇಲೆ ಬೀಳುತ್ತಿದ್ದುದು ಅದೇ. ಮೂರು ವಾರ ಕಾದರೂ ಬಣ್ಣ ಬದಲಾಗಲಿಲ್ಲ.

ಕಾಲೇಜಿನಲ್ಲಿ ನನಗೆ ಪ್ರಾಣಿಶಾಸ್ತ್ರ ಕಲಿಸಿದ ಮೇಡಂ ನಿವೃತ್ತರಾಗಿ ಕೆ.ಆರ್. ಪುರದಲ್ಲಿದ್ದಾರೆ. ಅವರಿಗೆ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು.

"ಎಲ್ಲೂ ಹೋಗ್ಬೇಡ ಕಣೆ. ಮೆಟ್ರೋದಲ್ಲಿ ಬರ್ತಾ ಇದೀನಿ."

ಬಂದವರು ನಾನು ಕೊಟ್ಟ ಸ್ಟೂಲನ್ನೂ ಬಿಟ್ಟು ತೊಟ್ಟಿಯ ಮುಂದೆ ನೆಲದ ಮೇಲೇ ಕೂತರು. ನನ್ನ ಭೂತಗನ್ನಡಿ ಕಸಿದುಕೊಂಡರು. ಗಿರಾಕಿಗಳು ಅವರನ್ನು ದಾಟಿಕೊಂಡು ಓಡಾಡಬೇಕಾಯಿತು. ಎಷ್ಟೋ ಹೊತ್ತಿನ ಮೇಲೆ ತಲೆಯೆತ್ತಿದರು. ಕಣ್ಣು ಹೊಳೆಯುತ್ತಿತ್ತು.

"ಮಿಕ್ಕ ಐದೂ ಮಾಮೂಲು ಪೀ ಪಫರ್. ಇದು ಅದರ ದಾಯಾದಿ, ಇಮಿಟೇಟರ್ ಪಫರ್ ಅನ್ಸತ್ತೆ. ನಮ್ಮ ಕರಾವಳಿ ಕಡೆ ಹೊಳೇಲಿ ಇರೋದು. ಖಚಿತವಾಗಿ ಹೇಳ್ಬೇಕಂದ್ರೆ ಚರ್ಮದ ಮುಳ್ಳು ಎಣಿಸ್ಬೇಕು, ಅದಕ್ಕೆ ಮೀನನ್ನೇ ಸಾಯಿಸ್ಬೇಕು. ಅದು ಬೇಡ. ಇದು ಗಂಡು. ಇದರ ಹೆಣ್ಣಿಗೆ ಮೈತುಂಬಾ ಸಣ್ಣ ಚುಕ್ಕಿ ಇರತ್ತೆ, ಅದು ಸಿಕ್ಕಿದ್ರೆ ಹೋಲಿಸಿ ನೋಡ್ಬಹುದು."

ಅಂಗಡಿಗೆ ಬೀಗ ಹಾಕಿ ಶಿವಾಜಿನಗರಕ್ಕೆ ಆಟೋ ಹಿಡಿದೆವು.

"ಯಾವಾಗ್ಲೂ ಕೇರಳದ ಮಾಲು ಬರ್ತಿತ್ತು. ಹೋದ ಸಲ ಮಂಗಳೂರು ಕಡೆಯಿಂದನೂ ಒಂದು ಬಾಕ್ಸ್ ಬಂತು, ಎಲ್ಲಾ ಒಂದೇ ತೊಟ್ಟಿಗೆ ಸುರಿದ್ವಿ" ಅಂದರು ಭಾಯಿ. ಮಂಗಳೂರು ಅನ್ನುತ್ತಲೇ ಮೇಡಂ ನನ್ನ ಮೊಣಕೈ ಹಿಡಿದರು. ಇಬ್ಬರೂ ಗಾಜಿಗೆ ಮೂಗು ಒತ್ತಿ ಹುಡುಕಿದೆವು. ನೂರಾರು ಮೀನು, ಒಂದೂ ನಿಂತಲ್ಲಿ ನಿಲ್ಲುವುದಿಲ್ಲ.

"ಅಲ್ಲಿ! ಮರದ ತುಂಡಿನ ಕೆಳಗೆ!" ಕೂಗಿದ್ದು ನಾನೇ. ಮೈತುಂಬಾ ರಾಗಿ ಚೆಲ್ಲಿದಂತೆ ಸಣ್ಣ ಸಣ್ಣ ಚುಕ್ಕಿ.

"ಹೆಣ್ಣೇ ಕಣೆ!" ಅಂದರು ಮೇಡಂ. ಅಂಥವೇ ಇನ್ನೆರಡು ಸಿಕ್ಕವು. ಇನ್ನು ಅನುಮಾನವಿಲ್ಲ ಅಂದರು.

ಹೆಸರು ಕೇಳಿ ಭಾಯಿ ಮುಖ ಸಿಂಡರಿಸಿದರು. "ಇಮಿಟೇಶನ್ನಾ? ನಮ್ಮಂಗಡೀಲಿ ಡೂಪ್ಲಿಕೇಟ್ ಮಾಲು ಇಡಲ್ಲ ಅಕ್ಕಾ!" ನಾವಿಬ್ಬರೂ ನಕ್ಕು ನಕ್ಕು ಸುಸ್ತಾದೆವು.

ಮೂರು ಹೆಣ್ಣನ್ನೂ ಕೊಂಡು ತಂದು, ಹಳದಿಯದರ ಜೊತೆ ಬೇರೆ ತೊಟ್ಟಿಯಲ್ಲಿಟ್ಟೆ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಪಾಚಿಯ ಸಂದಿಯಲ್ಲಿ ಏನೋ ಮಿಸುಕಿತು. ಎರಡು ಕಣ್ಣು, ಹಿಂದೆ ಬಾಲ, ಅಷ್ಟೇ. ಮೇಡಂಗೆ ಫೋನ್ ಮಾಡಿದೆ.

"ಮೇಡಂ, ಮರಿ!"

"ಎಷ್ಟು?"

"ಏಳು... ಇಲ್ಲ, ಎಂಟು. ತಾಳಿ ಮೇಡಂ, ಇನ್ನೂ ಇವೆ!"