ಮಾವ ಬಾಯಿ ಮುಕ್ಕಳಿಸುತ್ತಿದ್ದ ಸದ್ದು

ಮೊನ್ನೆ ಬೆಳಿಗ್ಗೆ ದೇವರ ಪಟಗಳಿಂದ ಹಿಂದಿನ ದಿನದ ಹೂ ತೆಗೆಯುತ್ತಿದ್ದೆ. ದೇವರ ಮೇಲಿಂದ ಇಳಿಸಿದ ಬಾಡಿದ ಹೂವಿಗೆ ನಿರ್ಮಾಲ್ಯ ಎನ್ನುತ್ತೇವೆ, ನಿಮಗೂ ಗೊತ್ತಿರುತ್ತದೆ. ಆಗ ಫೋನು ಬಂತು. ಮಡಿಯಲ್ಲಿದ್ದಾಗ ಫೋನು ಮುಟ್ಟುವುದಿಲ್ಲ ಎಂದು ನೆಂಟರ ಮುಂದೆ ಹೇಳಿಕೊಳ್ಳುವವಳು ನಾನು. ಮಗಳ ಹೆಸರು ಕಂಡರೆ ಮಾತ್ರ ಒಂದು ಬೆರಳು ಮಡಿಯಿಂದ ಹೊರಗೆ ಬಂದುಬಿಡುತ್ತದೆ.

ಸುಮ ಇರುವುದು ಕೊಟ್ಟಾರದಲ್ಲಿ, ಪಾಠ ಮಾಡುವುದು ವಾಮಂಜೂರಿನ ಶಾಲೆಯಲ್ಲಿ. ತಿಂಗಳುಗಳಿಂದ ಬಿಡದ ಕೆಮ್ಮು.

"ಅಮ್ಮ, ಆಸ್ತಮಾ ಅಂತಲೇ ಹೇಳಿದ್ರು. ಸ್ಟಿರಾಯ್ಡಿನ ಇನ್ಹೇಲರ್ ಕೊಟ್ಟಿದ್ದಾರೆ. ಅಜ್ಜನ ಸ್ವರ ಹೋದ ಹಾಗೆ ನನ್ನದೂ ಹೋದ್ರೆ ಎಂತ ಮಾಡುದು? ಕ್ಲಾಸಲ್ಲಿ ಕೈಸನ್ನೆ ಮಾಡುದಾ?"

ತಮಾಷೆಯ ಹಾಗೆ ಹೇಳಿದಳು, ಆದರೆ ಹೆದರಿದ್ದಳು. ಹಿಂದಿನ ದಿನ ಶಾಲೆಯ ಮೆಟ್ಟಿಲಲ್ಲಿ ಉಸಿರು ಸಿಗದೆ, ಕಟಕಟೆ ಹಿಡಿದು ಅರ್ಧದಲ್ಲೇ ನಿಂತಳಂತೆ. ಆದರೂ ಔಷಧದ ಡಬ್ಬಿ ಬ್ಯಾಗಿನಲ್ಲಿ ಒಡೆಯದೆ ಹಾಗೆಯೇ ಉಂಟು.

ಅಜ್ಜ ಎಂದರೆ ನನ್ನ ಮಾವ, ನದಿ ಬದಿಯ ಒಂದು ಸಣ್ಣ ದೇವಸ್ಥಾನದ ಅರ್ಚಕರು. ಮದುವೆಯಾಗಿ ಬೋಳಾರದ ಈ ಮನೆಗೆ ಬಂದ ಮೇಲೆ ನನಗೆ ಗಡಿಯಾರ ಬೇಕೆನಿಸಲೇ ಇಲ್ಲ. ಮಾವ ಸ್ನಾನ ಮುಗಿಸಿ ಸ್ತೋತ್ರ ಶುರು ಮಾಡಿದರೆ ಏಳುವ ಹೊತ್ತು, ಆ ಸ್ವರ ಗೇಟು ದಾಟಿದರೆ ಒಲೆಗೆ ಪಾತ್ರೆ ಇಡುವ ಹೊತ್ತು. ನಾನು ಹಾಡಿದರೆ ಹಾಲು ಒಡೆಯುತ್ತದೆ ಎಂದು ನಮ್ಮ ಯಜಮಾನರು ಇಂದಿಗೂ ಹೇಳುತ್ತಾರೆ. ಆದರೂ ಪ್ರತಿ ಸಾಲಿನ ಕೊನೆಗೆ ಅಡುಗೆಮನೆಯಿಂದ ಮೆಲ್ಲಗೆ ಸ್ವರ ಸೇರಿಸುತ್ತಿದ್ದೆ. ಮಾವ ಒಂದು ದಿನವೂ ಆ ಬಗ್ಗೆ ಮಾತಾಡಲಿಲ್ಲ. ಕೊನೆಯ ಅಕ್ಷರವನ್ನು ಮಾತ್ರ ಕೊಂಚ ಎಳೆಯತೊಡಗಿದರು, ಹಿಂದೆ ಬರುವವಳಿಗೆ ಬಾಗಿಲು ತೆರೆದಿಟ್ಟ ಹಾಗೆ.

ಒಂದು ಆಯುಸ್ಸಿಡೀ ಹೋಮದ ಹೊಗೆ, ನೈವೇದ್ಯದ ಕಟ್ಟಿಗೆ ಒಲೆಯ ಹೊಗೆ. ಎಪ್ಪತ್ತರ ಹತ್ತಿರ ಅವರ ಎದೆಯಲ್ಲಿ ಸೀಟಿ ಹೊಡೆದ ಹಾಗೆ ಸದ್ದು ಬರತೊಡಗಿತು. ಶ್ವಾಸನಾಳ ಕಿರಿದಾಗಿದೆ, ಪೂರ್ತಿ ಮೊದಲಿನಂತೆ ಆಗುವುದಿಲ್ಲ ಎಂದರು ಡಾಕ್ಟ್ರಮ್ಮ. ಪದೇ ಪದೇ ಉಬ್ಬಸ ಜೋರಾಗುತ್ತಿದ್ದುದರಿಂದ ಸ್ಟಿರಾಯ್ಡ್ ಇದ್ದ ಇನ್ಹೇಲರ್ ಬರೆದರು. ಗುಳಿಗೆಯಾದರೆ ಮೈಯೆಲ್ಲ ಸುತ್ತಬೇಕು, ಇದು ಸ್ವಲ್ಪವೇ ಸಾಕು, ಸೀದಾ ಶ್ವಾಸಕೋಶಕ್ಕೆ ಹೋಗುತ್ತದೆ, ಒಂದು ದಿನವೂ ತಪ್ಪಿಸಬಾರದು, ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು ಎಂದು ವಿವರಿಸಿದರು. ಮಾವ ಎಲ್ಲದಕ್ಕೂ ತಲೆಯಾಡಿಸಿದರು.

ಮನೆಗೆ ಬಂದು ಅದಕ್ಕೆ ಪಂಪು ಎಂದು ಹೆಸರಿಟ್ಟರು. ಸ್ನಾನ ಮಾಡಿ ಪೂರ್ವಕ್ಕೆ ಮುಖ ಮಾಡಿ ಪಂಪು ಎಳೆದು, ಉಸಿರು ಕಟ್ಟಿ, ಬಿಟ್ಟು, ಬಲಗೈಯನ್ನು ನೆತ್ತಿಗೆ ಸವರಿಕೊಂಡು ಹೊರಡುತ್ತಿದ್ದರು. ಕೆಲವು ವಾರಗಳಲ್ಲಿ ದೇವಸ್ಥಾನದ ಬಾವಿಯಿಂದ ಕೊಡ ಹೊತ್ತು ತರುವಾಗ ನಡುವೆ ಕೂರುವುದು ನಿಂತಿತು. ಆ ಮಳೆಗಾಲ ಆಸ್ಪತ್ರೆಯ ಮೆಟ್ಟಿಲು ಹತ್ತದೆ ಕಳೆಯಿತು. ಇಂಥದ್ದನ್ನೆಲ್ಲ ನಾನು ದೇವರ ಲೆಕ್ಕಕ್ಕೇ ಬರೆಯುವವಳು.

ಆಮೇಲೆ ಸ್ವರ ಒಡೆಯಿತು. ಬಿರುಕು ಬಿಟ್ಟ ಶಂಖದ ಹಾಗೆ ಗಾಳಿ ಮಾತ್ರ ಬರುತ್ತಿತ್ತು. ನಾಲಿಗೆಯಲ್ಲಿ ಬಿಳಿ ಬಿಳಿ ಕಲೆ. ಮಾವ ಯಾರಿಗೂ ಹೇಳದೆ ಪಂಪು ಬಿಟ್ಟರು. ಸ್ವರ ತಿರುಗಿ ಬರುವ ಮೊದಲೇ ಉಸಿರು ಕೆಟ್ಟಿತು. ಮಂತ್ರದ ನಡುವೆ ನಿಂತು ಕಂಬ ಹಿಡಿಯುವ ಹಾಗಾಯಿತು. ಸ್ವರವಿಲ್ಲದ ಅರ್ಚಕ, ಉಸಿರಿಲ್ಲದ ಅರ್ಚಕ, ಇಬ್ಬರಲ್ಲಿ ನಾನು ಯಾರಾಗಲಿ ಎಂದು ಅವರು ಯೋಚಿಸುತ್ತಿದ್ದರೇನೋ. ನಾನೇ ಆಟೋ ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

"ಭಟ್ರೇ, ಬಾಯಿ ಮುಕ್ಕಳಿಸ್ತೀರಲ್ಲ?" ಎಂದು ಕೇಳಿದರು ಡಾಕ್ಟ್ರಮ್ಮ.

"ತೀರ್ಥ ತೆಗೊಂಡು ಯಾರಾದ್ರೂ ಉಗುಳ್ತಾರಾ ಡಾಕ್ಟ್ರೇ? ಔಷಧ ಅಂದ್ರೆ ನಮಗೆ ಗಂಗೆ."

ನೆತ್ತಿಗೆ ಕೈ ಸವರಿಕೊಳ್ಳುತ್ತಿದ್ದುದು ಏಕೆಂದು ನನಗೆ ಆಗ ಹೊಳೆಯಿತು. ಡಾಕ್ಟ್ರಮ್ಮ ನಗಲಿಲ್ಲ. ಒಳಗೆ ಹೋದದ್ದಕ್ಕೆ ಕೆಲಸ ಉಂಟು, ಬಾಯಲ್ಲಿ ಉಳಿದದ್ದಕ್ಕೆ ಇಲ್ಲ. ಅದು ಅಲ್ಲೇ ಕೂತರೆ ಬೂಷ್ಟು ಹಿಡಿಯುತ್ತದೆ, ಗಂಟಲು ಕೆಡುತ್ತದೆ ಎಂದು ಸಮಾಧಾನದಿಂದ ಹೇಳಿ, ಕಲೆಗೆ ಬೇರೆ ಔಷಧ ಕೊಟ್ಟರು. ತಿರುಗಿ ಆಟೋ ಹತ್ತಿದೆವು. ಮನೆಯ ತಿರುವು ಬಂದಾಗ ಮಾವ ಹೇಳಿದರು: "ಅಂದ್ರೆ ಅದು ನಿರ್ಮಾಲ್ಯ. ತೆಗೀಲೇಬೇಕು ಮಗಾ."

ಮರುದಿನದಿಂದ ಹಿತ್ತಿಲಿನ ಕಲ್ಲಿನ ಹತ್ತಿರ ಮುಕ್ಕಳಿಸುವ ಸದ್ದು. ಮೂರು ಸಲ, ಮೂರನೆಯದು ಗಂಟಲಿನಿಂದ, ಉದ್ದಕ್ಕೆ. ಸ್ವರ ಬಂತು, ಮುಕ್ಕಾಲು ಪಾಲು. ಕೊನೆಯ ಅಕ್ಷರ ಎಳೆಯುವಷ್ಟು ಉಸಿರು ಉಳಿದಿರಲಿಲ್ಲ. ಅದನ್ನು ನಾನು ಅಡುಗೆಮನೆಯಿಂದ ಎಳೆಯುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಒಂದು ಆಟಿಯ, ಅಂದರೆ ಆಷಾಢದ, ಮಳೆಯಲ್ಲಿ ನ್ಯುಮೋನಿಯಾ ಬಂದು ಮಾವ ತೀರಿಹೋದರು. ಪಂಪಿನಿಂದಲೇ ಎಂದು ಯಜಮಾನರು ಈಗಲೂ ಹೇಳುತ್ತಾರೆ. ಡಾಕ್ಟ್ರಮ್ಮ ಮುಚ್ಚಿಡಲಿಲ್ಲ: ಇಂಥ ಕಾಯಿಲೆಯವರಿಗೆ ಈ ಔಷಧದಿಂದ ನ್ಯುಮೋನಿಯಾದ ಭಯ ಸ್ವಲ್ಪ ಹೆಚ್ಚೇ, ಆದರೆ ಸವೆದ ಶ್ವಾಸಕೋಶಕ್ಕೂ ಆ ಭಯ ಉಂಟು, ಇವರಿಗೆ ಯಾವುದರಿಂದ ಬಂತು ಎಂದು ಹೇಳಲಾಗದು ಎಂದರು. ನನಗೂ ಗೊತ್ತಿಲ್ಲ. ನಡುವಿನ ಆ ವರ್ಷಗಳಲ್ಲಿ ಮಾವ ತಮ್ಮ ಕಾಲ ಮೇಲೆ ನಿಂತು ಪೂಜೆ ಮಾಡಿದ್ದು ಗೊತ್ತು.

ಇದಿಷ್ಟನ್ನೂ ಸುಮಳಿಗೆ ಹೇಳಿದೆ, ನ್ಯುಮೋನಿಯಾದ ವಿಷಯ ಸೇರಿಸಿ. ಅಜ್ಜನ ಕಾಯಿಲೆ ಬೇರೆ, ನಿನ್ನದು ಬೇರೆ. ಸಂಶಯ ಇದ್ದರೆ ಡಾಕ್ಟ್ರನ್ನೇ ಕೇಳು, ಡಬ್ಬಿ ಮುಚ್ಚಿಟ್ಟು ಕೂರಬೇಡ ಎಂದೆ.

"ಅಜ್ಜನ ಸ್ವರ ಕೆಟ್ಟದ್ದು ಮುಕ್ಕಳಿಸದೆ ಬಿಟ್ಟದ್ದಕ್ಕೆ ಮಗಾ. ನೀನು ಮುಕ್ಕಳಿಸು."

ಫೋನಿನ ಆಚೆಯಿಂದ ಸದ್ದುಗಳು ಬಂದವು. ಡಬ್ಬಿ ಹರಿಯುವ ಸದ್ದು, ಕುಲುಕುವ ಸದ್ದು, ಪುಸ್ಸೆಂದ ಸದ್ದು. ಉಸಿರು ಕಟ್ಟಿದ್ದಾಳೆಂದು ಗೊತ್ತಾಯಿತು. ನಾನೂ ಉಸಿರು ಕಟ್ಟಿ ನಿಂತಿದ್ದೆ. ಮತ್ತೆ ನಲ್ಲಿಯ ನೀರು. ಒಂದು ಸಲ, ಎರಡು ಸಲ. ಮೂರನೆಯದು ಗಂಟಲಿನಿಂದ, ಉದ್ದಕ್ಕೆ.

ಎಷ್ಟೋ ವರ್ಷಗಳ ಮೇಲೆ ಆ ಸದ್ದು ಈ ಮನೆಯೊಳಗೆ ಕೇಳಿತು. ಹಿತ್ತಿಲಿನ ಕಲ್ಲಿನ ಕಡೆ ತಿರುಗಿ ನೋಡಿದೆ.

"ಹಾಗೆ ಮಾಡ್ಲಿಕ್ಕೆ ಯಾರು ಹೇಳಿದ್ದು?"

"ಅಜ್ಜನ ಪಕ್ಕ ನಿಂತು ನಾನೂ ಮಾಡ್ತಿದ್ದೆ ಅಲ್ವಾ ಅಮ್ಮ, ಬರೀ ನೀರಲ್ಲಿ."

ಶಾಲೆಗೆ ಹೊತ್ತಾಯಿತೆಂದು ಫೋನು ಇಟ್ಟುಬಿಟ್ಟಳು. ನಾನು ನಿರ್ಮಾಲ್ಯವನ್ನು ತೆಂಗಿನ ಬುಡಕ್ಕೆ ಹಾಕಿ ಕೈ ತೊಳೆದೆ. ಒಲೆಯ ಮೇಲೆ ಅನ್ನ ಉಕ್ಕುತ್ತಿತ್ತು. ಆ ಸ್ತೋತ್ರದ ಒಂದು ಸಾಲು ಬಾಯಿಗೆ ಬಂತು. ಕೊನೆಯ ಅಕ್ಷರ ಎಳೆಯುತ್ತಲೇ ಗಂಜಿ ಬಸಿಯಲು ಪಾತ್ರೆ ಬಾಗಿಸಿದೆ.