ಹಕ್ಕಿ ಛಾಪಿನ ಸೀಟಿ

ನನಗೆ ಸಿಳ್ಳೆ ಹಾಕಲು ಬರುವುದಿಲ್ಲ. ತುಟಿ ಮುಂದೆ ಮಾಡಿ ಎಷ್ಟು ಊದಿದರೂ ಬಿಸಿ ಚಹಾ ಆರಿಸುವವನ ಹಾಗೆ ಬರೀ ಗಾಳಿ ಹೊರಡುತ್ತದೆ. ದೇವರು ಒಂದು ಕೈಯಿಂದ ಕಸಿದುಕೊಂಡದ್ದನ್ನು ಇನ್ನೊಂದು ಕೈಯಿಂದ ಕೊಡುತ್ತಾನೆ ಎಂದು ಹಿರಿಯರು ಹೇಳುತ್ತಾರಲ್ಲ, ನನಗೆ ಆತ ಕೊಟ್ಟದ್ದು ಸೀಟಿ ಕೂಡಿಸುವ ಹುಚ್ಚು. ಪೊಲೀಸರ ಸೀಟಿಯಲ್ಲ, ರೈಲ್ವೆ ಗಾರ್ಡನದೂ ಅಲ್ಲ. ಬೆಳ್ಳಿ ಬಂಗಾರದಲ್ಲಿ ಮಾಡಿದ, ಕೊರಳಿಗೆ ಹಾಕಿಕೊಳ್ಳುವ ಸೀಟಿ.

ವಿಲಾಯತಿಯ ಒಬ್ಬ ದೊಡ್ಡ ಜವಾಹಿರಿ ಹಿಂದೆ ಇವನ್ನು ಮಾಡುತ್ತಿದ್ದನಂತೆ. ಕಿರುಬೆರಳಿನಷ್ಟು ಉದ್ದ, ಮೈತುಂಬ ಬಳ್ಳಿಯ ಕೆತ್ತನೆ, ಸರಕ್ಕೆ ಪೋಣಿಸಲು ಒಂದು ಕೊಂಡಿ, ಕೊಂಡಿಯ ಕೆಳಗೆ ಸಾಸಿವೆಯಷ್ಟು ಸಣ್ಣ ಹಕ್ಕಿಯ ಗುರುತು. ಮೇಮ್‌ಸಾಹೇಬರು ಇದನ್ನು ಕೊರಳಲ್ಲಿ ಹಾಕಿಕೊಂಡು ತಮ್ಮ ನಾಯಿಗಳನ್ನೂ, ಕೆಲವೊಮ್ಮೆ ಗಂಡಂದಿರನ್ನೂ ಕರೆಯುತ್ತಿದ್ದರೆಂದು ಕೇಳಿದ್ದೇನೆ. ಆ ಜವಾಹಿರಿಯ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ಹಕ್ಕಿ ಛಾಪು ಎಂದು ನಾನೇ ನಾಮಕರಣ ಮಾಡಿದೆ.

ಹಾನಗಲ್ಲಿನ ಕೋರ್ಟಿನಲ್ಲಿ ವಕೀಲಿ ಮಾಡಿಕೊಂಡಿದ್ದವನು ನಾನು. ಧಾರವಾಡದಲ್ಲಿ ಒಬ್ಬ ಸಾಹೇಬ ಊರಿಗೆ ಮರಳುವಾಗ ಮನೆಯ ಸಾಮಾನು ಹರಾಜಿಗಿಟ್ಟಿದ್ದ. ಕುರ್ಚಿ ತರಲೆಂದು ಹೋದವನು ಬೆಳ್ಳಿಯ ಸೀಟಿ ತಂದೆ. ಎರಡನೆಯದು ಹಿರೇಕೆರೂರಿನ ಒಬ್ಬ ಹತ್ತಿ ದಲಾಲನ ಗಡಿಯಾರದ ಸರಪಳಿಯಲ್ಲಿ ತೂಗುತ್ತಿತ್ತು. ಅದು ಕಿವಿಯ ಗುಗ್ಗೆ ತೆಗೆಯುವ ಸಾಧನವೆಂದೇ ಆತ ನಂಬಿದ್ದ, ಹಾಗೆಯೇ ಬಳಸಿಯೂ ಇದ್ದ. ಮೂರನೆಯದನ್ನು ಶಿಗ್ಗಾಂವಿಯಲ್ಲಿ ಒಂದು ತೊಟ್ಟಿಲಿಗೆ ಕಟ್ಟಿದ್ದರು. ಬದಲಿಗೆ ಬೆಳ್ಳಿಯ ಗಿಲಕಿ ಕೊಟ್ಟು ಬಿಡಿಸಿಕೊಂಡು ಬಂದೆ. ಕೂಸು ಮಾತ್ರ ಆ ವಿನಿಮಯವನ್ನು ಒಪ್ಪದೆ ಬೀದಿಯ ತುದಿಯವರೆಗೂ ಕೇಳುವಂತೆ ಅತ್ತಿತು.

ನನ್ನ ಹೆಂಡತಿ ಸುಂದರಾಬಾಯಿ ಬಂದವರ ಮುಂದೆ ಹೇಳುತ್ತಿದ್ದಳು: "ಮಂದಿ ಬೆಳ್ಳಿ ಬಂಗಾರ ತಂದ್ರ ಹೆಂಡ್ತಿ ಮೈಮ್ಯಾಲೆ ಹಾಕ್ತಾರ. ನಮ್ಮನಿಯವರು ಅರಿವ್ಯಾಗ ಸುತ್ತಿ ಪೆಟ್ಟಿಗ್ಯಾಗ ಮಲಗಿಸ್ತಾರ." ಚಳವಳಿಯ ದಿನಗಳಲ್ಲಿ ಯಾರೋ ಚಾಡಿ ಹೇಳಿದರೆಂದು ಫೌಜದಾರರು ಬಂದು ಪೆಟ್ಟಿಗೆ ತೆಗೆಸಿ ನೋಡಿದರು. ಗುಪ್ತ ಸಂಕೇತ ಕೊಡಲು ಕೂಡಿಟ್ಟಿದ್ದೇನೆಂದು ಅವರ ಗುಮಾನಿ. ಎಲ್ಲವನ್ನೂ ಒಂದೊಂದಾಗಿ ಊದಿ ನೋಡಿ, "ಇಷ್ಟು ಸೀಟಿ ನಮ್ಮ ಠಾಣೇದಾಗೂ ಇಲ್ರಿ ವಕೀಲ್ರ" ಎಂದು ತುಸು ಅಸೂಯೆಯಿಂದಲೇ ಎದ್ದು ಹೋದರು.

ಆಭರಣಗಳಲ್ಲಿ ಸೀಟಿಯ ಸ್ಥಾನ ಯಾವುದೆಂದು ನಾನು ಬಹಳ ಯೋಚಿಸಿದ್ದೇನೆ. ಸರ, ವಾಲೆ, ಮೂಗುತಿ ಇವು ಕಣ್ಣಿಗೆ. ಬಳೆ, ಗೆಜ್ಜೆ ಕಿವಿಗೆ. ಆದರೆ ಅವು ತಮ್ಮಷ್ಟಕ್ಕೆ ನುಡಿಯುತ್ತವೆ, ಯಾರನ್ನೂ ಕರೆಯುವುದಿಲ್ಲ. ಕರೆಯುವ ಒಡವೆ ಇದೊಂದೇ. ಕೊಳಲು ಇದರ ದೊಡ್ಡಣ್ಣನಿರಬಹುದು, ಆದರೆ ಕೊಳಲಿಗೆ ರಾಗ ಗೊತ್ತು, ಸೀಟಿಗೆ ಹಟ ಮಾತ್ರ ಗೊತ್ತು. ದಾಸರು ಯಾರೂ ಸೀಟಿಯ ಮೇಲೆ ಪದ ಕಟ್ಟಲಿಲ್ಲವೆಂಬುದು ನನ್ನ ಮನಸ್ಸಿನ ಒಂದು ಕೊರಗು.

ಹೀಗಿರುವಾಗ ಸವಣೂರಿನ ಶಿವಪ್ಪ ಹೊಲದ ಬದುವಿನ ತಕರಾರು ತೆಗೆದುಕೊಂಡು ನನ್ನ ಕಡೆ ಬಂದ. ಮೇಜಿನ ಮೇಲಿದ್ದ ಸೀಟಿ ನೋಡಿ, "ಇಂಥಾವು ನಮ್ಮನ್ಯಾಗ ಎರಡು ಅದಾವ್ರಿ. ಒಂದು ಬೆಳ್ಳೀದು, ಒಂದು ಬಂಗಾರದ್ದು" ಎಂದ. ಅವನ ಹೊಲದ ಬದು ಅಂದು ನನ್ನ ತಲೆಯಿಂದ ಜಾರಿಹೋಯಿತು.

ಶಿವಪ್ಪ ದತ್ತಕ ಬಂದವನು. ಅವನನ್ನು ದತ್ತಕ ತೆಗೆದುಕೊಂಡ ಯಜಮಾನರಿಗೆ ಇಬ್ಬರು ಹೆಂಡಿರು, ಹಿರಿಯಳು ನೀಲವ್ವ, ಕಿರಿಯಳು ಗಂಗವ್ವ. ಇಬ್ಬರಿಗೂ ಮಕ್ಕಳಿರಲಿಲ್ಲ. ಯಜಮಾನರು ಒಮ್ಮೆ ಮುಂಬಯಿಗೆ ಹೋದಾಗ ಎರಡು ಸೀಟಿ ತಂದು ಬಂಗಾರದ್ದನ್ನು ಹಿರಿಯಳಿಗೆ, ಬೆಳ್ಳಿಯದನ್ನು ಕಿರಿಯಳಿಗೆ ಕೊಟ್ಟರು. ಅಂಗಡಿಯಲ್ಲಿ ಬಂಗಾರದ್ದು ಒಂದೇ ಇತ್ತೆಂದು ಅವರು ಆಣೆ ಮಾಡಿ ಹೇಳಿದರೂ ಕಿರಿಯಳು ನಂಬಲಿಲ್ಲ. ಅಂದಿನಿಂದ ಹೆಂಡಿರಿಬ್ಬರ ಮಾತು ನಿಂತಿತು. ವಾಡೆಯ ನಡುವಿನ ಬಾಗಿಲಿಗೆ ಚಿಲಕ ಬಿತ್ತು. ಆದರೂ ಒಂದೇ ಮನೆ, ಒಂದೇ ಬಾವಿ, ಒಂದೇ ಹಿತ್ತಿಲು. ಏನಾದರೂ ತಿಳಿಸಬೇಕಲ್ಲ? ಆಗ ಆ ಸೀಟಿಗಳೇ ಕೆಲಸಕ್ಕೆ ಬಂದವು. ಮುಂಜಾನೆ ನೀಲವ್ವ ಉದ್ದಕ್ಕೆ ಊದಿದರೆ ನಾನು ಎದ್ದಿದ್ದೇನೆಂದು ಅರ್ಥ. ಗಂಗವ್ವ ಮರಳಿ ಊದಿದರೆ ನಾನೂ ಎದ್ದಿದ್ದೇನೆ ಎಂದು. ಬೀಗರು ಬಂದದ್ದಕ್ಕೆ, ಬೆಕ್ಕು ಹಾಲಿಗೆ ಬಾಯಿ ಹಾಕಿದ್ದಕ್ಕೆ ಬೇರೆ ಬೇರೆ ಊದು. ಯಜಮಾನರು ತೀರಿಹೋಗಿ ಎಷ್ಟೋ ವರ್ಷಗಳಾದರೂ ಈ ಪದ್ಧತಿ ತಪ್ಪಿರಲಿಲ್ಲ.

ಕೇಳಿದ ಮೇಲೆ ಸುಮ್ಮನಿರಲಾದೀತೆ? ಯುದ್ಧದ ಕಾಲ, ಪೆಟ್ರೋಲು ಸಿಗದೆ ಇದ್ದಲಿಯ ಹೊಗೆಯ ಮೇಲೆ ಓಡುವ ಮೋಟಾರು. ಶಿಗ್ಗಾಂವಿಯಲ್ಲಿ ಇಳಿದು, ಮತ್ತೊಂದು ಮೋಟಾರು ಹತ್ತಿ, ಮುಖಕ್ಕೆಲ್ಲ ಮಸಿ ಬಳಿದುಕೊಂಡು ಸವಣೂರು ಮುಟ್ಟಿದೆ.

ನೀಲವ್ವ ಸೀಟಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಗಂಡ ಕೊಟ್ಟದ್ದು. ಕೊಡಂಗಿಲ್ರಿ" ಎಂದಳು. ಗಂಗವ್ವ ಮಾತ್ರ ಕೇಳುವುದೇ ತಡ, ಕೊರಳಿನಿಂದ ತೆಗೆದೇಬಿಟ್ಟಳು. "ಒಯ್ರಿ. ಆಕಿ ಊದಿದಾಗೆಲ್ಲ ಬಂಗಾರ ಮಾತಾಡಿದಂಗ ಕೇಳಸ್ತೈತಿ, ನಾ ಊದಿದ್ರ ಬೆಳ್ಳಿ ಜವಾಬು ಕೊಟ್ಟಂಗ. ಸಾಕಾಗೇತಿ." ಬದಲಿಗೆ ಬೆಳ್ಳಿಯ ಎಲೆ-ಅಡಿಕೆಯ ಡಬ್ಬಿ ಸಾಕೆಂದಳು. ಹಾನಗಲ್ಲಿನ ಅಕ್ಕಸಾಲಿಗನಿಂದ ಮಾಡಿಸಿ ಕಳಿಸಿಕೊಟ್ಟೆ. ಸವಣೂರಿನ ಹೆಸರಾಂತ ಎಲೆಗೆ ಅದಕ್ಕಿಂತ ಒಳ್ಳೆಯ ಮನೆ ಬೇರೆ ಯಾವುದು?

ಕೆಲವು ದಿನಗಳಲ್ಲೇ ಶಿವಪ್ಪ ಹಾನಗಲ್ಲಿಗೆ ಓಡಿ ಬಂದ. ಕುಳಿತವನು ನೀರನ್ನೂ ಕುಡಿಯದೆ, "ವಕೀಲ್ರ, ಆ ಸೀಟಿ ವಾಪಸ್ ಕೊಡ್ರಿ. ಮನ್ಯಾಗ ಇರಾಕ ಆಗವಲ್ದು" ಎಂದ.

ನಡೆದದ್ದು ಇಷ್ಟು. ಸೀಟಿ ನನ್ನ ಕೈಸೇರಿದ ಮರುದಿನ ಮುಂಜಾನೆ ನೀಲವ್ವ ಎಂದಿನಂತೆ ಊದಿದಳು. ಉತ್ತರ ಬರಲಿಲ್ಲ. ಮತ್ತೆ ಊದಿದಳು. ಆಮೇಲೆ ಉಸಿರು ಕಟ್ಟುವವರೆಗೆ ಊದಿದಳು. ಕೊನೆಗೆ ನಡುವಿನ ಬಾಗಿಲು ಬಡಿಯತೊಡಗಿದಾಗ, ತುಕ್ಕು ಹಿಡಿದ ಚಿಲಕವನ್ನು ಶಿವಪ್ಪ ಸುತ್ತಿಗೆಯಿಂದ ಒಡೆಯಬೇಕಾಯಿತು. ಆಚೆ ಗಂಗವ್ವ ಮೆಣಸಿನಕಾಯಿ ತೊಟ್ಟು ತೆಗೆಯುತ್ತ ಕುಳಿತಿದ್ದಳು.

"ಸತ್ತಿಯೇನೋ ಅಂತ ನೋಡಾಕ ಬಂದೆ" ಎಂದಳು ನೀಲವ್ವ.

"ನಿನಗಿಂತ ಮೊದಲ ನಾ ಯಾಕ ಸಾಯ್ಲಿ?" ಎಂದಳು ಗಂಗವ್ವ.

ಅಷ್ಟು ವರ್ಷಗಳ ನಂತರದ ಮೊದಲ ಮಾತು ಅದು. ಅಲ್ಲಿಂದ ಬಾಯಿ ಮುಚ್ಚಿಲ್ಲವಂತೆ. ಮುಂಬಯಿಯಿಂದ ಸೀಟಿ ಬಂದ ವರ್ಷದಿಂದ ಹಿಡಿದು ವರ್ಷಕ್ಕೊಂದರಂತೆ ಎಲ್ಲ ಜಗಳಗಳನ್ನೂ ಸರದಿ ತಪ್ಪದೆ ಆಡುತ್ತಿದ್ದಾರಂತೆ. ವಕೀಲನಾಗಿ ನನಗೆ ಆ ಶಿಸ್ತಿನ ಬಗ್ಗೆ ಗೌರವ ಹುಟ್ಟಿತು. ನಮ್ಮ ಕೋರ್ಟಿನಲ್ಲಿ ಯಾವ ಸಾಕ್ಷಿಯೂ ಹೀಗೆ ಅನುಕ್ರಮವಾಗಿ ಹೇಳಿದ್ದಿಲ್ಲ.

"ನನ್ನ ದತ್ತಕ ತಗೊಂಡ ವರ್ಷ ನಿನ್ನೆ ಮುಗೀತ್ರಿ. ನನಗೂ ಪಾಲು ಬಂತು" ಎಂದ ಶಿವಪ್ಪ. ಆಮೇಲೆ ದನಿ ತಗ್ಗಿಸಿ, "ಇನ್ನ ಅಪ್ಪ ತೀರಿಕೊಂಡ ವರ್ಷ ಬರತೈತಿ. ಅದಕ್ಕ ಅಂಜಿಕಿ" ಎಂದ.

ಸೀಟಿ ಕಿಸೆಯಲ್ಲಿಟ್ಟುಕೊಂಡು ಅವನೊಡನೆ ಹೊರಟೆ. ಪೆಟ್ಟಿಗೆಯಿಂದ ಅದನ್ನು ತೆಗೆಯುವಾಗ ನನ್ನ ಮುಖ ನೋಡಿ ಸುಂದರಾಬಾಯಿ, "ಮಗಳನ್ನ ಗಂಡನ ಮನಿಗೆ ಕಳಸೋರಂಗ ಯಾಕ ನಿಂತೀರಿ?" ಎಂದಳು.

ವಾಡೆಯ ಬಾಗಿಲಿಗೆ ಬಂದಾಗ ಜಗಳ ಕೇಳಿಸಲಿಲ್ಲ. ಇಬ್ಬರೂ ನಡುವಿನ ಹೊಸ್ತಿಲಿನ ಮೇಲೆ ಅಕ್ಕಪಕ್ಕ ಕುಳಿತಿದ್ದರು. ನಾವು ಬಂದದ್ದನ್ನು ಅವರು ಗಮನಿಸಲಿಲ್ಲ.

"ಜೀವ ಬಿಡೂ ಮುಂದ ಅವರು ನನ್ನ ಕರೀ ಅಂದಿದ್ರಂತಲ್ಲ. ನೀ ಊದಿದ್ದು ನನಗ ಕೇಳಿಸಲಿಲ್ಲ, ಅಕ್ಕ. ಹಿತ್ತಲದಾಗ ಇದ್ದೆ. ಇಷ್ಟು ವರ್ಷ ಅದ ಸಂಕಟ" ಎಂದಳು ಗಂಗವ್ವ.

ನೀಲವ್ವ ಕೊರಳಿನ ಸೀಟಿಯನ್ನು ಮುಟ್ಟಿ ನೋಡಿಕೊಂಡಳು. "ನಾ ಊದಿದ್ರಲ್ಲೇನ ನಿನಗ ಕೇಳಸೂದು" ಎಂದಳು ಆಮೇಲೆ. "ತುಟಿಗೆ ಇಟ್ಕೊಂಡೆ. ಉಸಿರ ಬರಲಿಲ್ಲ ಗಂಗಾ. ಅಷ್ಟರಾಗ ಅವರು ಹೋಗಿಬಿಟ್ರು."

ಗಂಗವ್ವ ತನ್ನ ಡಬ್ಬಿ ತೆರೆದು ಒಂದು ಎಲೆಯ ನಾರು ತೆಗೆದು, ಸುಣ್ಣ ಹಚ್ಚಿ, ಮಡಚಿ ನೀಲವ್ವನ ಕೈಯಲ್ಲಿಟ್ಟಳು. ಶಿವಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ನಾನು ಮೋಟಾರಿನ ಮಸಿಯನ್ನು ಮುಖದಿಂದ ಒರೆಸಿಕೊಳ್ಳತೊಡಗಿದೆ.

ಕೊನೆಗೆ ಕೆಮ್ಮಿ, ಸೀಟಿಯನ್ನು ಮುಂದೆ ಚಾಚಿದೆ. ಗಂಗವ್ವ ಅದನ್ನು ನೋಡಿದ ರೀತಿ, ಯಾರೋ ಹಳೆಯ ಊರುಗೋಲು ತಂದು ಕೊಟ್ಟಂತಿತ್ತು. "ಇನ್ನ ಅದ್ಯಾಕ್ರಿ? ಬಾಯಿ ಐತೆಲ್ಲ" ಎಂದಳು. ನೀಲವ್ವ ಎಲೆ ಜಗಿಯುತ್ತಲೇ ಕೊರಳಿಗೆ ಕೈ ಹಾಕಿ ತನ್ನದನ್ನೂ ತೆಗೆದಳು. "ಇದನ್ನೂ ಒಯ್ರಿ. ಇದರಾಗ ಒಂದು ಬೈಗುಳಾನೂ ಸರಿಯಾಗಿ ಬೈಯಾಕ ಬರೂದಿಲ್ಲ."

ಬಂಗಾರದ ಹಕ್ಕಿ ಛಾಪು ನನ್ನ ಅಂಗೈಯಲ್ಲಿ ಬೆಚ್ಚಗೆ ಕುಳಿತಿತ್ತು. ಬಂಗಾರಕ್ಕೆ ಬಂಗಾರವೇ ಕೊಡಬೇಕಲ್ಲ. ಬದಲಿಗೆ ಯಾವ ಒಡವೆ ಮಾಡಿಸಲೆಂದು ಕೇಳಿದೆ. ಆಕೆ ಗಂಗವ್ವನ ತೊಡೆಯ ಕಡೆ ಬೆರಳು ಮಾಡಿದಳು. "ಅಂಥಾದ್ದ ಒಂದು ಡಬ್ಬಿ. ಬೆಳ್ಳೀದ ಆಗಬೇಕು. ಬಂಗಾರದ್ದು ಬ್ಯಾಡ. ಒಮ್ಮಿ ತಗೊಂಡು ಸಾಕಾಗೇತಿ." ಅದು ಸಮನಾಗಲಿಲ್ಲವೆಂದು ನಾನು ವಾದಿಸಿದೆ. ಜೀವನದಲ್ಲಿ ಎದುರು ಪಕ್ಷದ ಪರವಾಗಿ ವಾದಿಸಿದ್ದು ಅದೊಂದೇ ಸಲ, ಅದರಲ್ಲೂ ಸೋತೆ.

ಅದೇ ಅಕ್ಕಸಾಲಿಗನಿಂದ ಅಂಥದೇ ಡಬ್ಬಿ ಮಾಡಿಸಿ ನಾನೇ ಒಯ್ದು ಕೊಟ್ಟೆ. ಇಬ್ಬರೂ ಡಬ್ಬಿಗಳನ್ನು ಒಂದರ ಪಕ್ಕ ಒಂದಿಟ್ಟು ಬಗ್ಗಿ ನೋಡಿದರು. ಚಹಾ ಕುಡಿದು ನಾನು ಓಣಿಗೆ ಇಳಿಯುವಷ್ಟರಲ್ಲಿ, ಯಾರ ಡಬ್ಬಿಯ ಮುಚ್ಚಳ ಎತ್ತರ ಎಂಬುದರ ಮೇಲೆ ದನಿಗಳು ಏರಿದ್ದವು. ಮೋಟಾರಿನ ತನಕ ಕಳಿಸಲು ಬಂದ ಶಿವಪ್ಪನಿಗೆ, ಮತ್ತೆ ನಿನ್ನನ್ನು ತೊಂದರೆಗೆ ಹಾಕಿದೆನಲ್ಲಪ್ಪ ಎಂದೆ.

ಆತ ನಿಂತು, ಹಿಂದಿನಿಂದ ಬರುತ್ತಿದ್ದ ದನಿಗಳನ್ನು ಸ್ವಲ್ಪ ಹೊತ್ತು ಆಲಿಸಿದ. ಮುಖದ ಮೇಲೆ ಒಂದು ನೆಮ್ಮದಿ ಮೂಡಿತು.

"ಇರ್ಲಿ ಬಿಡ್ರಿ," ಎಂದ. "ಈ ಜಗಳ ಹೊಸಾದು."