ಚಳಿಯಲ್ಲಿ ಹಾಡುತ್ತಿದ್ದ ಕಾರು

ದೇವರು, ದೈವ ಎಂದರೆ ನಾನು ಕೈಮುಗಿಯುವವನೇ. ನಮ್ಮ ಕಡೆ ಹುಟ್ಟಿದವರು ಮುಗಿಯದೆ ಇರುವುದಿಲ್ಲ. ಆದರೆ ಯಂತ್ರದ ವಿಷಯದಲ್ಲಿ ಪವಾಡ ನಡೆಯಿತು ಎಂದು ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದೆ. ಕಬ್ಬಿಣಕ್ಕೆ ಮನಸ್ಸಿಲ್ಲ, ಒಂದು ಭಾಗ ಕಳಚಿದರೆ ಅದರ ಕೆಲಸ ನಿಲ್ಲಲೇಬೇಕು ಎಂಬುದು ನನ್ನ ತಿಳಿವಳಿಕೆ. ಅರವತ್ತರ ದಶಕದ ಒಂದು ಮುಂಜಾವಿನ ನಂತರ ಆ ನಗು ನಿಂತಿತು. ಅದನ್ನು ಹೇಳಬೇಕಾದರೆ ನಾನು ಮಾಡಿದ ಕೆಟ್ಟ ಕೆಲಸವನ್ನೂ ಹೇಳಬೇಕು. ಅದಕ್ಕೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಹೈಸ್ಕೂಲು ಮುಗಿಸಿ ನಾನೂ ನನ್ನ ಚಿಕ್ಕಮ್ಮನ ಮಗ ವಾಸುವೂ ಉಡುಪಿ ಕಡೆಯಿಂದ ಒಟ್ಟಿಗೆ ಅಹಮದಾಬಾದಿಗೆ ಬಂದೆವು. ಮಣಿನಗರ ಸ್ಟೇಷನ್ನಿನ ಹತ್ತಿರ ನಮ್ಮ ಸೋದರಮಾವನ ಹೋಟೆಲಿತ್ತು. ನಾನು ಅಡುಗೆಮನೆ ಸೇರಿದೆ. ವಾಸು ಸ್ವಲ್ಪ ದಿನ ಲೋಟ ತೊಳೆದು, ಇದು ತನ್ನಿಂದಾಗದು ಎಂದು ಗ್ಯಾರೇಜಿಗೆ ಹೋದ, ಮುಂದೆ ವಡೋದರದ ಒಬ್ಬ ಸೇಠರಿಗೆ ಡ್ರೈವರ್ ಆದ. ಮಾವ ಮೊದಲು ಬೈದರು. ಆಮೇಲೆ ಅವನು ಬಂದಾಗಲೆಲ್ಲ ಗಲ್ಲಾ ಬಿಟ್ಟು ಎದ್ದುಬಂದು ಅವನ ಜೊತೆ ಕೂತು ಕಾಫಿ ಕುಡಿಯತೊಡಗಿದರು. ನನ್ನ ಜೊತೆ ಅವರು ಹಾಗೆ ಕೂತದ್ದಿಲ್ಲ.

ಸೇಠರದು ಯಾವುದೋ ಸಂಸ್ಥಾನದವರಿಂದ ಕೊಂಡ ಹಳೆಯ ವಿಲಾಯಿತಿ ಕಾರು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಬ್ಲೋವರ್ ಅದರಲ್ಲಿತ್ತು. ಈಗ ಟರ್ಬೊ ಎನ್ನುತ್ತಾರಲ್ಲ, ಅದರ ಅಣ್ಣನಂಥದ್ದು. ಟರ್ಬೊ ಎಂಜಿನ್ ಬಿಡುವ ಹೊಗೆಯ ರಭಸಕ್ಕೆ ತಿರುಗುತ್ತದಂತೆ, ಇದನ್ನು ತಿರುಗಿಸಲು ಬೇರೆಯೇ ಒಂದು ಬೆಲ್ಟು. ವೇಗ ಏರಿದಾಗ ಅದು ಸಣ್ಣ ದನಿಯಲ್ಲಿ ಶ್ರುತಿ ಹಿಡಿದಂತೆ ಹಾಡುತ್ತಿತ್ತು. ಚಳಿಯಲ್ಲಿ ಹೊರಡಿಸುವುದು ಮಾತ್ರ ಕಷ್ಟ, ಎಣ್ಣೆ ಬಿಸಿಯಾಗುವ ತನಕ ಕಾಯಬೇಕು. ಹೊರಟ ಮೇಲೆ ಅದರ ಗತ್ತೇ ಬೇರೆ. ತಣ್ಣಗಿನ ಗಾಳಿ ದಟ್ಟ, ಅಷ್ಟೇ ಜಾಗದಲ್ಲಿ ಹೆಚ್ಚು ಹಿಡಿಯುತ್ತದೆ, ಅಷ್ಟೂ ಎಂಜಿನ್ನಿಗೆ ಬಲ ಎಂದು ವಾಸು ಮಾವನಿಗೆ ಬಿಡಿಸಿ ಹೇಳುತ್ತಿದ್ದ. ಮಾವ ಹರಿಕಥೆ ಕೇಳುವವರಂತೆ ಕೇಳುತ್ತಿದ್ದರು.

ನನಗೆ ಅದೇ ಚಳಿ ಶತ್ರು. ಅಲ್ಲಿಯ ಚಳಿಗಾಲಕ್ಕೆ ಇಡ್ಲಿ ಹಿಟ್ಟು ಹುದುಗುವುದಿಲ್ಲ. ಪಾತ್ರೆಗೆ ಗೋಣಿ ಸುತ್ತಿ ಒಲೆಯ ಮಗ್ಗುಲಲ್ಲಿಟ್ಟರೂ ಬೆಳಿಗ್ಗೆ ಇಟ್ಟಷ್ಟೇ ಇರುತ್ತಿತ್ತು. "ಆ ಇಡ್ಲಿ ಛೇ ಕೆ ಪಥ್ಥರ್?" ಎಂದು ಗಿರಾಕಿಗಳು ಅದನ್ನು ತಟ್ಟೆಗೆ ಕುಟ್ಟಿ ತೋರಿಸುವರು, ಇಡ್ಲಿಯೋ ಕಲ್ಲೋ ಎಂದು. ಒಮ್ಮೆ ವಾಸು ಅದನ್ನೇ ತಿನ್ನುತ್ತ ಮಾವನ ಎದುರಿಗೇ ಅಂದ: "ಎಂತ ಅಣ್ಣ, ಚಳಿಗೆ ನಿನ್ನ ಹಿಟ್ಟು ಮಲಗ್ತದೆ, ನನ್ನ ಗಾಡಿ ಏಳ್ತದೆ. ಒಂದು ದಿನ ಹಿಟ್ಟನ್ನು ಬಾನೆಟ್ಟಿನೊಳಗೆ ಇಟ್ಟು ನೋಡುವನಾ?" ಮಾವ ಕೆಮ್ಮು ಬರುವಷ್ಟು ನಕ್ಕರು. ನಾನೂ ನಕ್ಕೆ. ಆ ರಾತ್ರಿ ಊಟ ಸೇರಲಿಲ್ಲ.

ಆ ಚಳಿಗಾಲದಲ್ಲೇ ಮಾವ ಸೂರತ್ತಿನ ಕತಾರ್‌ಗಾಮಿನಲ್ಲಿ ಇನ್ನೊಂದು ಹೋಟೆಲು ತೆರೆಯಲು ಜಾಗ ಗೊತ್ತುಮಾಡಿದರು. ಅವರಿಗೆ ಮಕ್ಕಳಿಲ್ಲ. ಆ ಹೊಸ ಹೋಟೆಲು ನಮ್ಮಿಬ್ಬರಲ್ಲಿ ಒಬ್ಬನಿಗೆ ಎಂದಿದ್ದರು, ಯಾರಿಗೆಂದು ಹೇಳಿರಲಿಲ್ಲ. ಒಲೆಯ ಮುಂದೆ ಬೆಂದವನು ನಾನು, ಆದರೆ ಅವರ ಕಣ್ಣು ವಾಸುವಿನ ಮೇಲೆ ಎಂದು ನನಗೆ ಖಾತ್ರಿಯಿತ್ತು. ಅಷ್ಟರಲ್ಲಿ ವಾಸುವೇ ಹೇಳಿಕಳಿಸಿದ, ಸೇಠರನ್ನು ಕರೆತರಲು ಸೂರತ್ತಿಗೆ ಖಾಲಿ ಕಾರು ಹೋಗುತ್ತದೆ, ಜಾಗ ನೋಡಲು ಬನ್ನಿ ಎಂದು. ನಾನೂ ಮಾವನೂ ರೈಲಿನಲ್ಲಿ ವಡೋದರಕ್ಕೆ ಹೋದೆವು.

ಸಂಜೆ ಮಾವನನ್ನು ಊರು ತೋರಿಸಲು ವಾಸು ಕರೆದುಕೊಂಡು ಹೋದ. ನಾನು ತಲೆನೋವೆಂದು ಅವನ ಕೋಣೆಯಲ್ಲೇ ಉಳಿದೆ. ಕಾರು ಪಕ್ಕದ ಶೆಡ್ಡಿನಲ್ಲೇ ನಿಂತಿತ್ತು. ಆ ಬೆಲ್ಟನ್ನು ಹೇಗೆ ಬಿಚ್ಚುವುದೆಂದು ಹಿಂದೊಮ್ಮೆ ಅವನೇ ಹೆಮ್ಮೆಯಿಂದ ತೋರಿಸಿದ್ದ. ಅದಿಲ್ಲದಿದ್ದರೆ ಬ್ಲೋವರ್ ತಿರುಗದು, ಎಂಜಿನ್ನಿಗೆ ಉಸಿರೂ ಸರಿಯಾಗಿ ಸಿಗದು, ಕಾರು ಎತ್ತಿನಗಾಡಿ ಆಗುತ್ತದೆ ಎಂದೂ ಅವನೇ ಹೇಳಿದ್ದ. ಮಾವನ ಎದುರು ಅದು ತೆವಳಲಿ, ಇವನು ತಲೆ ತಗ್ಗಿಸಲಿ, ಅಷ್ಟೇ ನನಗೆ ಬೇಕಾಗಿತ್ತು. ಬಿಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡೆ.

ಮರುದಿನ ಇನ್ನೂ ಕತ್ತಲಿರುವಾಗ ಹೊರಟೆವು. ನೀರು ತುಂಬುವ ಮುಚ್ಚಳ ಹೊರಗೇ ಇದ್ದದ್ದರಿಂದ ವಾಸು ಬಾನೆಟ್ ತೆರೆಯಲಿಲ್ಲ. ಅವನ ಪಕ್ಕದಲ್ಲಿ ಮಾವ, ಹಿಂದೆ ನಾನು, ತೊಡೆಯ ಮೇಲೆ ಚೀಲ. ಊರು ದಾಟುವ ತನಕ ಕಾರು ನಾನೆಣಿಸಿದಂತೆಯೇ ಮುಗ್ಗರಿಸಿತು. ವಾಸು ಏನೂ ಅರಿಯದೆ ಹಣೆ ಗಂಟಿಕ್ಕಿದ. ನನಗಾದ ಸಂತೋಷವನ್ನು ಈಗ ನೆನೆಯಲು ನಾಚಿಕೆ.

ಬಯಲು ಬಂತು. ಹೊಲಗಳ ಮೇಲೆ ಮಂಜು ಕೂತಿತ್ತು, ಕಿಟಕಿಯ ಸಂದಿಯಿಂದ ನುಗ್ಗಿದ ಗಾಳಿ ಹಲ್ಲು ಕಟಕಟಿಸುವಷ್ಟು ತಣ್ಣಗಿತ್ತು. ಆಗ ಆ ಸದ್ದು ಕೇಳಿಸಿತು. ಮೊದಲು ಎಲ್ಲೋ ದೂರದಲ್ಲಿ, ಆಮೇಲೆ ನನ್ನ ಕಾಲಡಿಯಲ್ಲೇ. ಬ್ಲೋವರ್ ಹಾಡುತ್ತಿತ್ತು. ಕಾರು ಒಮ್ಮೆ ಮೈ ಕೊಡವಿದಂತಾಗಿ ಓಡತೊಡಗಿತು. ನಾನು ಚೀಲದೊಳಗೆ ಕೈಹಾಕಿದೆ. ಬೆಲ್ಟು ಅಲ್ಲೇ ಇತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮುಂದಕ್ಕೆ ಬಾಗಿ ನೋಡಿದೆ: ಗಾಳಿಯ ಒತ್ತಡ ತೋರಿಸುವ ಮುಳ್ಳು ಏರುತ್ತಿತ್ತು. ಭರೂಚಿನ ಸೇತುವೆಯ ಮೇಲೆ ನಿಧಾನಿಸಿದಾಗ ಹಾಡು ತಗ್ಗಿತು, ದಾಟಿದ ಮೇಲೆ ಮತ್ತೆ ಏರಿತು. ಸೂರತ್ತು ಬರುವವರೆಗೆ ನಾನು ಮುಷ್ಟಿ ಸಡಿಲಿಸಲಿಲ್ಲ.

ಕತಾರ್‌ಗಾಮಿನಲ್ಲಿ ಇಳಿದು ಮೈಮುರಿಯುತ್ತ ಮಾವ ಹೇಳಿದರು: "ಎಂಥ ಗಾಡಿ ಮಾರಾಯ, ಒಂದು ಚೂರು ಸದ್ದಿಲ್ಲ." ದಾರಿಯುದ್ದಕ್ಕೂ ಅವರು ಎಚ್ಚರವಾಗಿಯೇ ಇದ್ದರು, ನಾನು ನೋಡಿದ್ದೇನೆ. ಅವರು ಜಾಗದ ಯಜಮಾನನನ್ನು ಹುಡುಕಿಕೊಂಡು ಒಳಗೆ ಹೋದಾಗ ವಾಸು ಬಾನೆಟ್ ಎತ್ತಿದ. ಬೆಲ್ಟಿನ ಜಾಗ ಖಾಲಿಯಿತ್ತು. ಎಂಜಿನ್ ಕಾದು ಹೊಗೆಯಾಡುತ್ತಿತ್ತು. ಅವನು ಬ್ಲೋವರಿನ ಮೇಲೆ ಕೈಯಿಟ್ಟ, ನನ್ನ ಕೈಯನ್ನೂ ಹಿಡಿದೆಳೆದು ಅದರ ಮೇಲೆ ಇಡಿಸಿದ. ಬಾವಿಯ ಕಲ್ಲಿನ ಹಾಗೆ ತಣ್ಣಗಿತ್ತು.

"ಬೆಲ್ಟು ನಿನ್ನ ಹತ್ರ ಉಂಟಾ ಅಣ್ಣ?"

ಕೊಟ್ಟೆ. ಹೊಡೆಯುತ್ತಾನೆ ಎಂದುಕೊಂಡೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಸಣ್ಣ ದನಿಯಲ್ಲಿ ಕೇಳಿದ: "ದಾರಿಯಲ್ಲಿ ಅದು ಹಾಡಿದ್ದು ನಿಂಗೂ ಕೇಳಿಸಿತಲ್ಲ?"

ಹೂಂ ಎಂದೆ. ಅವನು ಬೆಲ್ಟನ್ನು ಅದರ ಜಾಗಕ್ಕೆ ಹಾಕಿ ಬಾನೆಟ್ ಮುಚ್ಚಿದ. ಮಾವ ಹೊರಗೆ ಬಂದಾಗ ನನ್ನ ಮುಂದೆಯೇ ಅವರಿಗೆ ಹೇಳಿದ: "ಹೋಟೆಲು ಅಣ್ಣನಿಗೇ ಕೊಡಿ ಮಾವ. ಅವನಿಗೆ ಬೇಕಾದಷ್ಟು ನಂಗೆ ಅದು ಬೇಡ."

ಮಾವ ಹಾಗೆಯೇ ಮಾಡಿದರು. ಹೋಟೆಲು ಚೆನ್ನಾಗಿಯೇ ನಡೆಯಿತು, ನನ್ನ ಮಕ್ಕಳು ಅದರಿಂದಲೇ ಓದಿದರು. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಎಂಜಿನಿಯರರಿಗೆ ಹೆಸರು ಹೇಳದೆ ಈ ಸಂಗತಿ ಹೇಳಿದ್ದೆ. ಚಳಿಯ ಗಾಳಿಗೆ ಎಂಜಿನ್ ಸ್ವಲ್ಪ ಚೇತರಿಸಿಕೊಂಡಿರಬಹುದು, ಆದರೆ ಮುಳ್ಳು ಏರುವುದು, ಹಾಡುವುದು ಸಾಧ್ಯವೇ ಇಲ್ಲ, ಯಾರೋ ಕನಸು ಕಂಡಿದ್ದಾರೆ ಎಂದರು. ಇಬ್ಬರು ಒಂದೇ ಕನಸು ಕಾಣುತ್ತಾರೆಯೇ? ಮುಂದೆಯೇ ಕೂತಿದ್ದ ಮಾವನಿಗೆ ಯಾಕೆ ಕೇಳಿಸಲಿಲ್ಲ? ನನಗೆ ತಿಳಿಯದು.

ವಾಸು ಈಗಿಲ್ಲ. ಅವನಿದ್ದಾಗ ಕ್ಷಮೆ ಕೇಳಲು ಎಷ್ಟೋ ಸಲ ಹೊರಟು ಬೇರೆ ಮಾತಾಡಿ ಬಂದಿದ್ದೇನೆ. ಮಾಡಿದ್ದಕ್ಕೆ ಪಶ್ಚಾತ್ತಾಪ ಉಂಟು, ಅದು ಸುಳ್ಳಲ್ಲ. ಆದರೆ ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಕಬ್ಬಿಣದ ಒಂದು ತುಂಡು ಆ ದಿನ ಅವನ ಮಾನ ಕಾಯಲು ಇಲ್ಲದ ಬಲ ತಂದುಕೊಂಡಿತು. ನನಗಾಗಿ ಯಾವತ್ತೂ ಯಾವುದೂ ಹಾಗೆ ಮಾಡಿದ್ದಿಲ್ಲ. ಸತ್ತವನ ಮೇಲೆ ಈ ಹೊಟ್ಟೆಕಿಚ್ಚು ಸಲ್ಲದು ಎಂದು ದಿನಾ ಹೇಳಿಕೊಳ್ಳುತ್ತೇನೆ. ಅದು ಇನ್ನೂ ಆರಿಲ್ಲ.